ಅಕ್ಕ ಕೇಳಿದ ಮೀನು

ಹಂಪಿ ಬಜಾರಿನ ಹೋಟೆಲುಗಳಲ್ಲಿ ಮೀನು ಸಿಗುವುದಿಲ್ಲ. ಅದು ವಿರೂಪಾಕ್ಷನ ಬೀದಿ. ಹೊಸಪೇಟೆಯ ನಮ್ಮಕ್ಕನ ಮನೆಯಲ್ಲಿ ಮಾತ್ರ ದಿನವೂ ಮೀನು. ಭಾವನವರ ಕಸುಬೇ ಡ್ಯಾಮಿನಲ್ಲಿ ಬಲೆ ಬೀಸುವುದು. ಅಂಥ ಮನೆಯ ಮಗನಿಗೆ ಎರಡು ತುತ್ತಿಗೇ ತುಟಿ ಊದಿ, ಮೈತುಂಬ ದದ್ದು ಎದ್ದು, ಉಸಿರಾಡುವುದೇ ಕಷ್ಟವಾಯಿತು. ಡಾಕ್ಟರು ರಕ್ತ ಪರೀಕ್ಷೆ ಬರೆದರು.

ವರದಿಯಲ್ಲಿ ‘ಕಾಡ್: ಪಾಸಿಟಿವ್’ ಎಂದಿತ್ತು.

“ಕಾಡ್ ಅಂದ್ರ ಯಾವ್ ಮೀನದು? ನಾವು ಮಾಡಿದ್ದು ಕಾಟ್ಲಾ” ಎಂದಳು ಅಕ್ಕ.

ಒಳ್ಳೆಯ ಪ್ರಶ್ನೆ. ಕಾಡ್ ಅಟ್ಲಾಂಟಿಕ್ ಸಾಗರದ ಕಡೆಯದು, ತುಂಗಭದ್ರೆಯ ನೀರು ಕಂಡದ್ದಲ್ಲ. ಆದರೆ ಎರಡರ ಮಾಂಸದಲ್ಲೂ ಪಾರ್ವಾಲ್ಬುಮಿನ್ ಎಂಬ ಪ್ರೋಟೀನ್ ಇದೆ. ಕುದಿಸಿದರೂ ಅದು ಸುಲಭಕ್ಕೆ ಕೆಡದು. ಅದರ ಮೇಲೆ ಮುನಿದ ಐಜಿಇ ಪ್ರತಿಕಾಯ ಒಂದು ಮೀನನ್ನು ಹಿಡಿದರೆ ಇನ್ನೊಂದನ್ನೂ ಹಿಡಿಯಬಹುದು.

ಈ ಪರೀಕ್ಷೆಯ ಬೇರಿನಲ್ಲೇ ಮೀನಿದೆ. 1921ರಲ್ಲಿ ಜರ್ಮನಿಯ ಪ್ರೌಸ್ನಿಟ್ಸ್, ಮೀನು ಒಗ್ಗದ ಕ್ಯೂಸ್ಟ್ನರ್‌ನ ಸೀರಮ್ಮನ್ನು ತನ್ನ ಚರ್ಮಕ್ಕೇ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ (ನಮ್ಮ ಸಾರಲ್ಲ, ಅರ್ಕ) ಚುಚ್ಚಿದಾಗ ಗಂದೆ ಎದ್ದಿತು. ದೋಷ ರಕ್ತದಲ್ಲಿದೆ ಎಂದಾಯಿತು. ಅದಕ್ಕೆ ಐಜಿಇ ಎಂಬ ಹೆಸರು ಬಿದ್ದದ್ದು 1968ರಲ್ಲಿ.

ಅಂಕಿ 0.35 ದಾಟಿದವರೆಲ್ಲ ಮೀನು ತಿಂದು ನರಳುವುದಿಲ್ಲ. ತಿಂದಾಗ ಏನಾಯಿತು ಎಂಬುದನ್ನೂ ಡಾಕ್ಟರು ಕೇಳಲೇಬೇಕು. ನಮ್ಮ ಹುಡುಗನಿಗೆ ಎರಡೂ ಹೊಂದಿದವು. ಕೆಲವರಿಗೆ ಮೀನು ಬೇಯುವ ಹಬೆಯೂ ಆಗದಂತೆ.

ಈಗ ಅಕ್ಕನ ಒಲೆಯ ಮೇಲೆ ಬೇಳೆಸಾರು. ಭಾವ ಬಲೆಯನ್ನು ಹೊರಗೇ ಬಿಟ್ಟು, ಹಿತ್ತಲಲ್ಲಿ ಮೈ ತೊಳೆದು ಬರುತ್ತಾರೆ. ಅಷ್ಟು ಹೊತ್ತು ಹುಡುಗ ಬಾಗಿಲಲ್ಲೇ ಕಾಯುತ್ತಾನೆ.