ಮೂವತ್ತೆಂಟು ಸುತ್ತು

ಸುಟ್ಟ ಮೋಟರಿಗೆ ಒಂದು ವಾಸನೆ ಇರುತ್ತದೆ. ಬೆಲ್ಲ ಸೀದ ಹಾಗೆ, ಅದರ ಜೊತೆಗೆ ಒಂದಿಷ್ಟು ರಬ್ಬರ್ ಸುಟ್ಟ ಹಾಗೆ. ಗಾಡಿಯಿಂದ ಮೋಟರ್ ಇಳಿಸುವ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ, ಇದು ಬೇರಿಂಗ್ ಹೋದದ್ದಲ್ಲ, ವೈಂಡಿಂಗ್ ಸುಟ್ಟದ್ದು ಅಂತ. ತಿಪಟೂರಿನ ಕಡೆ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಾನು ಮಾಡುತ್ತಿರುವ ಕೆಲಸ ಇದೇ: ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವುದು.

1985ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮುಗಿಯಿತು. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಮಗ ಪಿಯುಸಿಗೆ ಸೈನ್ಸ್ ತೆಗೆದುಕೊಂಡು ಇಂಜಿನಿಯರ್ ಆಗಬೇಕು ಅಂತ ಅವರ ಆಸೆ. ನಾನು ಐಟಿಐಗೆ ಹೋಗುತ್ತೇನೆ, ಎಲೆಕ್ಟ್ರಿಷಿಯನ್ ಟ್ರೇಡ್, ಎರಡೇ ವರ್ಷ ಅಂದೆ. ಅಪ್ಪ ಬೈಯಲಿಲ್ಲ. ಮಾತು ಬಿಟ್ಟರು. ಅದು ಬೈಗುಳಕ್ಕಿಂತ ಕಷ್ಟ. ಕೊನೆಗೆ ತೀರ್ಮಾನ ಹೇಳಿದವಳು ಅಜ್ಜಿ. "ಬಾವಿ ಮೋಟರ್ ಕೆಟ್ರೆ ಪೇಟೆಗೆ ಹೊತ್ಕೊಂಡು ಹೋಗಿ ನಾಲ್ಕು ದಿನ ಕಾಯ್ತೀವಲ್ಲಪ್ಪಾ. ರಿಪೇರಿ ಮಾಡೋನು ಮನೇಲೇ ಒಬ್ಬ ಇರ್ಲಿ ಬಿಡು" ಅಂದಳು. ಅಜ್ಜಿಗೆ ಇಂಜಿನಿಯರ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ತೆಂಗಿನ ಗಿಡಕ್ಕೆ ನೀರು ತಪ್ಪಿದರೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು.

ಮಕ್ಕಳೇ, ಮೋಟರಿನ ಒಳಗೆ ಏನಿದೆ ಅಂತ ನೋಡಿದ್ದೀರಾ? ಹೊರಗಿನ ಕಬ್ಬಿಣದ ಬಳೆಯ ಒಳಮೈಯಲ್ಲಿ ಸುತ್ತಲೂ ಸಂದುಗಳಿರುತ್ತವೆ. ಅವಕ್ಕೆ ಸ್ಲಾಟ್ ಅನ್ನುತ್ತೇವೆ. ಐದು ಎಚ್‌ಪಿ ಮೋಟರಿನಲ್ಲಿ ಸಾಮಾನ್ಯವಾಗಿ 24 ಅಥವಾ 36. ಒಂದೊಂದು ಸ್ಲಾಟಿಗೂ ಪೇಪರ್ ಹಾಸಿ, ಅದರೊಳಗೆ ತಾಮ್ರದ ತಂತಿಯ ಸುರುಳಿ ಕೂರಿಸಿ, ಮೇಲೆ ಬಿದಿರಿನ ಕಡ್ಡಿ ತೂರಿ ಭದ್ರ ಮಾಡಬೇಕು. ಮೂರು ಫೇಸಿನ ಕರೆಂಟ್ ಈ ಸುರುಳಿಗಳಲ್ಲಿ ಒಂದರ ಹಿಂದೆ ಒಂದು ಹರಿದಾಗ, ಒಳಗೆ ಕಣ್ಣಿಗೆ ಕಾಣದ ಅಯಸ್ಕಾಂತವೊಂದು ಗಿರಗಿರನೆ ತಿರುಗಿದ ಹಾಗಾಗುತ್ತದೆ. ನಡುವಿನ ರೋಟರ್ ಅದನ್ನು ಅಟ್ಟಿಸಿಕೊಂಡು ತಿರುಗುತ್ತದೆ, ನಿಮಿಷಕ್ಕೆ 2,880ರಷ್ಟು ಸುತ್ತು. ಅದು ಎಷ್ಟು ಓಡಿದರೂ ಆ ಅಯಸ್ಕಾಂತದ 3,000 ಸುತ್ತನ್ನು ಹಿಡಿಯಲಾರದು. ಇಂಥ ಮೋಟರಿಗೆ ನಿಕೋಲಾ ಟೆಸ್ಲಾ 1888ರಲ್ಲೇ ಪೇಟೆಂಟ್ ಪಡೆದರು. ನಮ್ಮ ತೋಟದ ಬಾವಿಯಲ್ಲಿ ಇವತ್ತೂ ಓಡುತ್ತಿರುವುದು ಅದೇ ಉಪಾಯ.

ಐಟಿಐ ಮುಗಿಸಿ ಪೇಟೆಯ ಒಂದು ವೈಂಡಿಂಗ್ ಅಂಗಡಿಗೆ ಸೇರಿದೆ. ಯಜಮಾನರು ಆರು ತಿಂಗಳು ನನ್ನ ಕೈಗೆ ಹೊಸ ತಂತಿಯನ್ನೇ ಕೊಡಲಿಲ್ಲ. ಸುಟ್ಟ ತಂತಿಯನ್ನು ಉಳಿಯಿಂದ ಕತ್ತರಿಸಿ ಕೀಳುವುದು, ಒಂದೊಂದು ಸುರುಳಿಯಲ್ಲಿ ಎಷ್ಟು ಸುತ್ತಿದೆ ಎಣಿಸುವುದು, ತಂತಿಯ ದಪ್ಪ ಅಳೆದು ಬರೆದಿಡುವುದು. ಅಷ್ಟೇ ಕೆಲಸ. ಕೈಯೆಲ್ಲ ಮಸಿ. ಭಾನುವಾರ ಊರಿಗೆ ಹೋದಾಗ ಅಪ್ಪ ನನ್ನ ಉಗುರು ನೋಡಿ ಬೇರೆ ಕಡೆ ತಿರುಗುತ್ತಿದ್ದರು.

1989ರ ಬೇಸಿಗೆ. ಯಜಮಾನರು ಮದುವೆಗೆಂದು ಹಾಸನಕ್ಕೆ ಹೋಗಿದ್ದರು. ನಾನೊಬ್ಬನೇ ಪೂರ್ತಿ ಕಟ್ಟಿದ ಮೊದಲ ಮೋಟರ್ ಬೆಂಚಿನ ಮೇಲಿತ್ತು. 36 ಸ್ಲಾಟ್, ಸುರುಳಿಗೆ 38 ಸುತ್ತು. ಸಂಜೆ ಅದರ ಯಜಮಾನ, ಬದನೆ ಸಸಿ ನೆಟ್ಟಿದ್ದ ರೈತ, ಲೂನಾ ತಂದು ನಿಂತ. ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಓಡಿಸಿ ನೋಡದೆ ಕೊಡಬಾರದು ಅನ್ನುವುದು ನಮ್ಮಲ್ಲಿ ಮೊದಲ ಪಾಠ. ಆದರೆ ಮಧ್ಯಾಹ್ನವೇ ಸೀರೀಸ್ ಲ್ಯಾಂಪ್ ಹಾಕಿ ನೋಡಿದ್ದೆನಲ್ಲ, ಸಾಕು ಅಂದುಕೊಂಡೆ. ಸಸಿ ಬಾಡ್ತಾ ಇವೆ ಅಂತ ಅವನು ಬೇರೆ ಅವಸರ ಮಾಡಿದ. ಕೊಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಅದೇ ಲೂನಾ, ಅದೇ ಮೋಟರ್, ಅದೇ ವಾಸನೆ.

"ರಾತ್ರಿ ಸ್ವಿಚ್ ಹಾಕ್ದೆ. ಗುಂಯ್ ಅಂತು, ಹೊಗೆ ಬಂತು" ಅಂದ. ನಾನು ಒಂದು ಕ್ಷಣವೂ ಯೋಚಿಸದೆ, "ನಿಮ್ಮ ಲೈನಲ್ಲಿ ಒಂದು ಫೇಸ್ ಬಂದಿಲ್ಲ, ಅದಕ್ಕೇ ಸುಟ್ಟಿದೆ" ಅಂದೆ. ಅವನು ನಂಬಿದ. ಮತ್ತೆ ದುಡ್ಡು ಹೊಂದಿಸಬೇಕಲ್ಲ ಅಂತ ಬೆಂಚಿನ ಮೇಲೆ ಕೂತ.

ಅಷ್ಟರಲ್ಲಿ ಯಜಮಾನರು ಬಸ್ ಇಳಿದು ಬಂದರು. ಮೋಟರ್ ಬಿಚ್ಚಿ, ನನ್ನನ್ನು ಹತ್ತಿರ ಕರೆದು, ಮೆಲ್ಲಗೆ ಹೇಳಿದರು: "ಒಂದು ಫೇಸ್ ಹೋಗಿದ್ರೆ ಎರಡು ಫೇಸಿನ ಸುರುಳಿ ಕಪ್ಪಾಗಿ, ಒಂದು ತಾಮ್ರದ ಬಣ್ಣದಲ್ಲೇ ಉಳೀಬೇಕು. ಇಲ್ಲಿ ಮೂರೂ ಕಪ್ಪಾಗಿದೆ ನೋಡು." ತುದಿಗಳನ್ನು ಹಿಡಿದು ನೋಡುತ್ತ ಬಂದರು. ಒಂದು ಫೇಸಿನ ತಲೆ-ಬಾಲ ಅದಲುಬದಲಾಗಿತ್ತು. ಸೀರೀಸ್ ಲ್ಯಾಂಪಿಗೆ ಈ ತಪ್ಪು ಗೊತ್ತಾಗುವುದಿಲ್ಲ. ತಂತಿ ಸರಿಯಿದೆ ಅಂತ ದೀಪ ಉರಿಯುತ್ತದೆ, ಅಷ್ಟೆ.

"ಅವರಿಗೆ ನೀನೇ ಹೇಳು" ಅಂದರು.

ಬೆಂಚು ಹತ್ತು ಹೆಜ್ಜೆ ದೂರದಲ್ಲಿತ್ತು. "ನಿಮ್ಮ ಲೈನ್ ಸರಿಯಿದೆಯಣ್ಣಾ. ತಪ್ಪು ನಂದು. ಆಗ ಸುಳ್ಳು ಹೇಳ್ದೆ" ಅಂದೆ. ಅವನು ನನ್ನನ್ನು ನೋಡಿದ. ಬೈದಿದ್ದರೆ ಹಗುರಾಗುತ್ತಿತ್ತು. "ಯಾವಾಗ ಸಿಗುತ್ತೆ?" ಅಂತ ಮಾತ್ರ ಕೇಳಿದ.

ಅವತ್ತು ಹಗಲು, ರಾತ್ರಿ ನಾವಿಬ್ಬರೂ ಕೂತೆವು. ಬೆಳಗಿನ ಜಾವ ವಾರ್ನಿಷ್ ಹೊಯ್ದು, ಒಣಗಲೆಂದು ಮೋಟರಿನ ಹೊಟ್ಟೆಯೊಳಗೆ 200 ವ್ಯಾಟಿನ ಬಲ್ಬ್ ಉರಿಸಿಟ್ಟೆವು. ಸಂಜೆ ಕರೆಂಟಿನಲ್ಲಿ ಓಡಿಸಿ ನೋಡಿ, ನಾನೇ ಜೊತೆಗೆ ಹೋದೆ. ಹಳ್ಳಿಯಲ್ಲಿ ಕರೆಂಟ್ ಬಂದದ್ದು ರಾತ್ರಿ ಹನ್ನೊಂದಕ್ಕೆ. ಪೈಪು ಎರಡು ಸಲ ಕೆಮ್ಮಿ, ಆಮೇಲೆ ನೀರು ಬಂತು. ಬ್ಯಾಟರಿ ಬೆಳಕಿನಲ್ಲಿ ಪಾತಿ ನೋಡಿದೆವು. ಅರ್ಧದಷ್ಟು ಸಸಿ ಮಲಗಿಬಿಟ್ಟಿದ್ದವು. ಅವು ಮತ್ತೆ ಏಳಲಿಲ್ಲ. ತಂತಿಯ ದುಡ್ಡನ್ನು ಯಜಮಾನರು ನನ್ನ ಸಂಬಳದಲ್ಲಿ ತಿಂಗಳಿಗಿಷ್ಟು ಅಂತ ಹಿಡಿದರು. ಸಸಿಯ ದುಡ್ಡನ್ನು ಆ ರೈತ ಕೇಳಲಿಲ್ಲ, ಕೊಡುವ ಶಕ್ತಿ ನನಗೂ ಇರಲಿಲ್ಲ.

ಊರಿಗೆ ಹೋಗಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಯಾಕೆ ಹೇಳಿದೆನೋ. ಅವರು ಏನೂ ಅನ್ನದೆ ಎದ್ದು ಹೋಗಿ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಕಂದು ರಟ್ಟು ಹಾಕಿ, ತಮ್ಮ ಮೇಷ್ಟ್ರ ಅಕ್ಷರದಲ್ಲಿ 'ಮೋಟರ್ ಲೆಕ್ಕ' ಅಂತ ಬರೆದು ತಂದುಕೊಟ್ಟರು. "ಬಿಡಿ ಹಾಳೇಲಿ ಬರೀಬೇಡ, ಕಳೆದು ಹೋಗುತ್ತೆ" ಅಂದರು. ಮೊದಲ ಪುಟದಲ್ಲಿ ಆ ಬದನೆ ತೋಟದ ಮೋಟರಿದೆ. ಈಗ ಇಂಥವು ಹನ್ನೊಂದು ಪುಸ್ತಕಗಳಾಗಿವೆ.

ಕೆಲಸ ಸುಲಭ ಅಂತ ಹೇಳಲಾರೆ. ಬಗ್ಗಿ ಬಗ್ಗಿ ಬೆನ್ನು ಹೋಗಿದೆ. ಬೇಸಿಗೆಯಲ್ಲಿ ಊಟಕ್ಕೆ ಹೊತ್ತಿಲ್ಲ. ಮಳೆ ಬಂದರೆ ಊರಿಗೆಲ್ಲ ಹಬ್ಬ, ನನ್ನ ಅಂಗಡಿಯಲ್ಲಿ ನೊಣ. ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ ಅಂದವರ ಲೆಕ್ಕಕ್ಕೆ ಬೇರೆಯದೇ ಪುಸ್ತಕ ಬೇಕು. ಆದರೂ ಸಂಜೆ ಸ್ವಿಚ್ ಒತ್ತಿದಾಗ ಮೋಟರ್ ಸದ್ದಿಲ್ಲದ ಹಾಗೆ ನುಣ್ಣಗೆ ಓಡಿದರೆ, ಅದರ ಮೇಲೆ ಅಂಗೈ ಇಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ನೋಡಿದವರು ನಾನು ಬಿಸಿ ಪರೀಕ್ಷಿಸುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಈ ವರ್ಷ ಐಟಿಐ ಓದುವ ಹುಡುಗಿಯೊಬ್ಬಳು ಕೆಲಸ ಕಲಿಯಲು ಬರುತ್ತಿದ್ದಾಳೆ. ಇದನ್ನು ಬರೆಯುತ್ತಿರುವಾಗ ಅವಳು ಎದುರಿಗೆ ಕೂತು ಸುಟ್ಟ ಸುರುಳಿಯ ಸುತ್ತುಗಳನ್ನು ಎಣಿಸುತ್ತಿದ್ದಾಳೆ. ಒಂದು ಸಲ ಎಣಿಸಿ ಬರೆದಾಯಿತು. ಈಗ ಬರೆದದ್ದನ್ನು ಕೈಯಲ್ಲಿ ಮುಚ್ಚಿಕೊಂಡು ಮತ್ತೆ ಮೊದಲಿನಿಂದ ಎಣಿಸುತ್ತಿದ್ದಾಳೆ. ನಾನು ಹೇಳಿರಲಿಲ್ಲ.