ಬಾಣಂತಿ ಕೋಣೆಯಲ್ಲಿ ಏಸಿ

ಯುಗಾದಿಗೆ ಮುಂಚೆ ಏಸಿ ಸರ್ವಿಸ್ ಮಾಡಲು ಬಂದ ಹುಡುಗ ಮುಚ್ಚಳ ಬಿಚ್ಚಿದವನೇ ಮೂಗು ಅರಳಿಸಿದ. "ಏನ್ರೀ ಸರ್, ಮನ್ಯಾಗ ದರ್ಗಾ ಇಟ್ಟೀರೇನ್ರಿ?" ಎಂದ. ಜಾಳಿಗೆಯನ್ನು ಮನೆಯಲ್ಲೇ ತೊಳೆಯುತ್ತಿದ್ದೆವು. ಅದರ ಹಿಂದಿನ ಕಾಯಿಲ್‌ಗೆ ಯಾರ ಕೈ ಹೋಗುತ್ತದೆ? ಅಲ್ಲಿ ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು. ಲೋಬಾನದ ವಾಸನೆ ಇನ್ನೂ ಹೋಗಿರಲಿಲ್ಲ. ಕಲಬುರಗಿಯಲ್ಲಿ ಲೋಬಾನ ಎಂದರೆ ಮೊದಲು ನೆನಪಾಗುವುದು ಖ್ವಾಜಾ ಬಂದೇನವಾಜರ ದರ್ಗಾ, ಆಮೇಲೆ ಬಾಣಂತಿ ಕೋಣೆ. ಹುಡುಗನಿಗೆ ಇನ್ನೂ ಮದುವೆಯಾಗಿಲ್ಲ, ಎರಡನೆಯದು ಅವನಿಗೆ ಹೊಳೆಯಲಿಲ್ಲ.

ಹೋದ ವರ್ಷ ಮಗಳ ಬಾಣಂತನ ಆ ಕೋಣೆಯಲ್ಲೇ ಆಯಿತು. ಕೂಸು ಹುಟ್ಟಲು ಆರಿಸಿಕೊಂಡದ್ದು ಏಪ್ರಿಲ್ ಕೊನೆಯನ್ನು. ನಮ್ಮ ಊರಿನ ಏಪ್ರಿಲ್ ಕೊನೆ ಅಂದರೆ ಏನೆಂದು ಊರಿನವರಿಗೆ ಹೇಳಬೇಕಾಗಿಲ್ಲ, ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ. ಮಗಳಿಗೆ ಏಸಿ ಬೇಕು. ನಮ್ಮ ಅವ್ವನಿಗೆ ಹೊರಸಿನ ಕೆಳಗೆ ಕೆಂಡ ಬೇಕು, ಕೂಸಿಗೆ ಕುಂಚಿಗಿ ಬೇಕು, ಎರೆದ ಮೇಲೆ ಲೋಬಾನದ ಹೊಗೆ ಬೇಕು. "ಹಸಿ ಬಾಣಂತಿಗೆ ಥಂಡಿ ಹೊಡದ್ರ ಮುಪ್ಪಿನ್ಯಾಗ ತಿಳೀತದ" ಎಂದು ಅವ್ವ. "ಆಯಿ, ಮುಪ್ಪು ಬರೋತನಕ ಬದುಕಬೇಕಲ್ಲ" ಎಂದು ಮಗಳು. ಅಳಿಯ ಬೆಂಗಳೂರಿನಿಂದ ಫೋನಿನಲ್ಲೇ ತೂಕದ ಮಾತಾಡುತ್ತಿದ್ದ. ಬೆಂಗಳೂರಿನಲ್ಲಿ ಕುಳಿತು ತೂಕದ ಮಾತಾಡುವುದು ಸುಲಭ.

ಜಗಳ ನಿಜವಾಗಿ ಶುರುವಾದದ್ದು ಆಸ್ಪತ್ರೆಯಲ್ಲೇ. ಅಲ್ಲಿ ದಿನ ತುಂಬದೆ ಹುಟ್ಟಿದ ಯಾರದೋ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ವಾರ್ಡಿಗೆ ಏಸಿ, ಪೆಟ್ಟಿಗೆಯೊಳಗೆ ಕಾವು. ಅವ್ವ ಕಿಟಕಿಯಿಂದ ಬಗ್ಗಿ ನೋಡಿ, "ಹೊರಗ ಥಂಡಿ ಬಿಡ್ತಾರ, ಒಳಗ ಕಾಸ್ತಾರ. ಇವರಿಗೆ ಬುದ್ಧಿ ಅದನಾ?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲವಾದ್ದರಿಂದ ಪ್ರಶ್ನೆ ಬಹಳ ಹಿಡಿಸಿತು. ರಾತ್ರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವ ಪಾಳಿ ನನ್ನದು. ಓದಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಆ ಪೆಟ್ಟಿಗೆಯ ಮೂಲ ಕೋಳಿ ಸಾಕುವವರ ಹತ್ತಿರ ಇದೆ. 1880ರ ಸುಮಾರಿಗೆ ಪ್ಯಾರಿಸ್ಸಿನ ಹೆರಿಗೆ ವೈದ್ಯ ಸ್ಟೆಫಾನ್ ಟಾರ್ನಿಯೇ ಮೊಟ್ಟೆಗೆ ಕಾವು ಕೊಡುವ ಯಂತ್ರ ನೋಡಿ, ಅಂಥದ್ದೇ ಒಂದನ್ನು ತನ್ನ ಆಸ್ಪತ್ರೆಯ ಕೂಸುಗಳಿಗೆ ಮಾಡಿಸಿದ. ಅಲ್ಲಿಂದ ಅದು ಅಮೆರಿಕಕ್ಕೆ ಹೋದ ಬಗೆ ಮಾತ್ರ ವಿಚಿತ್ರ. ಆಸ್ಪತ್ರೆಗಳು ಅಷ್ಟು ದುಬಾರಿ ಪೆಟ್ಟಿಗೆಗೆ ಮನಸ್ಸು ಮಾಡಲಿಲ್ಲ, ಜಾತ್ರೆಗಳು ಮಾಡಿದವು. ಮಾರ್ಟಿನ್ ಕೂನಿ ಎಂಬಾತ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಸೇರಿದ ಕೋನಿ ಐಲ್ಯಾಂಡಿನಲ್ಲಿ 1903ರಲ್ಲಿ ಜೀವಂತ ಕೂಸುಗಳ ಪ್ರದರ್ಶನ ಇಟ್ಟ. ನಮ್ಮ ಶರಣಬಸವೇಶ್ವರರ ಜಾತ್ರೆಯಲ್ಲಿ ಮೋಟರ್ ಸೈಕಲ್ಲಿನ ಮೃತ್ಯುಬಾವಿಯ ಪಕ್ಕದ ಡೇರೆಯಲ್ಲಿ ಬಾಣಂತಿ ವಾರ್ಡ್ ತೆರೆದ ಹಾಗೆ. ಟಿಕೆಟ್ಟು 25 ಸೆಂಟ್. ಹೆತ್ತವರಿಂದ ಒಂದು ಬಿಡಿಕಾಸೂ ಇಲ್ಲ; ದಾದಿಯರ ಸಂಬಳ, ಕಾವಿನ ಖರ್ಚು ಎಲ್ಲ ನೋಡುಗರ ದುಡ್ಡಿನಲ್ಲೇ. ದಾದಿ ತನ್ನ ಬೆರಳಿನ ಉಂಗುರ ತೆಗೆದು ಕೂಸಿನ ಮಣಿಕಟ್ಟಿಗೆ ತೊಡಿಸಿ ತೋರಿಸುತ್ತಿದ್ದಳಂತೆ. ಜನ ಹೌಹಾರಿ ಮತ್ತೆ ಸರದಿಯಲ್ಲಿ ನಿಲ್ಲುತ್ತಿದ್ದರು.

ಕೂನಿ ತಾನು ಡಾಕ್ಟರ್ ಎನ್ನುತ್ತಿದ್ದ. ಆಮೇಲೆ ಕೆದಕಿ ನೋಡಿದವರಿಗೆ ಡಿಗ್ರಿಯ ಪುರಾವೆ ಸಿಗಲಿಲ್ಲ. ಆದರೂ ಅವನ ಡೇರೆಯಿಂದ ಸಾವಿರಗಟ್ಟಲೆ ಕೂಸುಗಳು ಬದುಕಿ ಮನೆಗೆ ಹೋದವು, ಅವನ ಸ್ವಂತ ಮಗಳೂ ದಿನ ತುಂಬದೆ ಹುಟ್ಟಿ ಅಂಥ ಪೆಟ್ಟಿಗೆಯಲ್ಲೇ ಬೆಳೆದವಳು. 1911ರಲ್ಲಿ ಪಕ್ಕದ ಡ್ರೀಮ್‌ಲ್ಯಾಂಡ್ ಎಂಬ ಮನರಂಜನೆಯ ಪಾರ್ಕು ಸುಟ್ಟು ಬೂದಿಯಾದಾಗ ಅಲ್ಲಿದ್ದ ಕೂಸುಗಳನ್ನೆಲ್ಲ ಹೊತ್ತು ಹೊರಗೆ ತಂದರು. ಹಾಲೂಡಿಸುವ ದಾದಿಯರು ಮೈದಾನದಲ್ಲಿ ಹಾಟ್ ಡಾಗ್ ತಿನ್ನುವುದು ಕಂಡರೆ ಅಂದೇ ಕೆಲಸದಿಂದ ತೆಗೆಯುತ್ತಿದ್ದ ಎಂಬ ಕಥೆಯೂ ಇದೆ. ಇದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಆಗಷ್ಟೇ ಮೊಮ್ಮಗಳ ಕೈಯಿಂದ ಮಿರ್ಚಿ ಭಜಿ ಕಸಿದುಕೊಂಡಿದ್ದಳು. "ಅಂವಗ ತಿಳೀತದ ನೋಡು" ಎಂದಳು. ಡಿಗ್ರಿಯ ವಿಷಯ ಹೇಳಲಿಲ್ಲ, ಹೇಳಿದ್ದರೆ ಗೌರವ ಇನ್ನೂ ಹೆಚ್ಚುತ್ತಿತ್ತು.

ಇನ್ನು ತಂಪಿನ ಪೆಟ್ಟಿಗೆ. ಅದೂ ಬ್ರೂಕ್ಲಿನ್ನಿನದೇ, ಕೂನಿಯ ಡೇರೆಗಿಂತ ಒಂದೇ ವರ್ಷ ಹಿರಿಯದು. 1902ರಲ್ಲಿ ಅಲ್ಲಿನ ಸ್ಯಾಕೆಟ್ ಅಂಡ್ ವಿಲ್ಹೆಲ್ಮ್ಸ್ ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಬಫಲೋ ಊರಿನ ಕಂಪನಿಯೊಂದರ 25 ವರ್ಷದ ಇಂಜಿನಿಯರ್ ವಿಲಿಸ್ ಕ್ಯಾರಿಯರ್ ಅದಕ್ಕೆ ಉಪಾಯ ಮಾಡಿದ. ಅವನು ಅದುವರೆಗೆ ಮಾಡುತ್ತಿದ್ದದ್ದು ಕಾಸುವ ಕೆಲಸ: ಕಟ್ಟಿಗೆ, ಕಾಫಿ ಬೀಜ ಒಣಗಿಸುವ ಬಿಸಿಗಾಳಿಯ ಕೊಳವೆಗಳು. ಅದೇ ಬಗೆಯ ಕೊಳವೆಯಲ್ಲಿ ಹಬೆಯ ಬದಲು ತಣ್ಣೀರು ಹರಿಸಿದ. ಏಸಿ ಹುಟ್ಟಿದ್ದು ಹಾಗೆ, ಮನುಷ್ಯರಿಗಲ್ಲ, ಕಾಗದಕ್ಕೆ.

ನನಗೆ ರೋಮಾಂಚನವಾದದ್ದು ಇನ್ನೊಂದು ಸಂಗತಿಗೆ. ಬ್ರೂಕ್ಲಿನ್‌ಗೆ ಬರುವ ಮುಂಚೆ, 1901ರಲ್ಲಿ, ಕೂನಿಯ ಕೂಸುಗಳು ಬಫಲೋದ ವಸ್ತುಪ್ರದರ್ಶನದಲ್ಲಿದ್ದವು. ಅದೇ ವರ್ಷವೇ ಕ್ಯಾರಿಯರ್ ಬಫಲೋದಲ್ಲಿ ಕೆಲಸಕ್ಕೆ ಸೇರಿದ್ದು. ಕಾವು ಹದವಾಗಿಟ್ಟ, ಗಾಳಿ ಸೋಸಿ ಒಳಗೆ ಬಿಡುವ ಆ ಪೆಟ್ಟಿಗೆಗಳನ್ನು ಅವನು ಟಿಕೆಟ್ಟು ಕೊಟ್ಟು ನೋಡಿಯೇ ಇದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೇನೆ. ಚರಿತ್ರೆಕಾರರು ಒಪ್ಪಲಿ, ಬಿಡಲಿ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೂರು ಗಂಟೆ ರಾತ್ರಿಯಲ್ಲಿ ಕೂತವನಿಗೆ ಇಷ್ಟು ಸ್ವಾತಂತ್ರ್ಯ ಬೇಡವೇ? ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1950ರಲ್ಲಿ.

ಹೊರಗೆ ಥಂಡಿ, ಒಳಗೆ ಕಾವು ಏಕೆ ಎಂಬ ಅವ್ವನ ಪ್ರಶ್ನೆಗೆ ಉತ್ತರವೂ ಆ ಓದಿನಲ್ಲೇ ಸಿಕ್ಕಿತು. ಕೂಸಿಗೆ ಚಳಿಯಾದರೆ ನಡುಗಲು ಬರುವುದಿಲ್ಲ. ಭುಜಗಳ ನಡುವೆ, ಕತ್ತಿನ ಹಿಂದೆ ಇರುವ ಕಂದು ಬಣ್ಣದ ಕೊಬ್ಬನ್ನು ಉರಿಸಿ ಬೆಚ್ಚಗಾಗಬೇಕು, ದಿನ ತುಂಬದ ಕೂಸಿಗೆ ಅದೂ ಕಡಿಮೆ. ಸೆಖೆಯಾದರೆ ನಮ್ಮಷ್ಟು ಬೆವರಲೂ ಬರುವುದಿಲ್ಲ, ಹೊದಿಕೆ ಒದ್ದು ತೆಗೆಯುವ ಶಕ್ತಿಯೂ ಇಲ್ಲ. ತೂಕಕ್ಕೆ ಹೋಲಿಸಿದರೆ ಚರ್ಮವೇ ಹೆಚ್ಚು, ಹಾಗಾಗಿ ಸುತ್ತಲಿನ ಗಾಳಿ ಹೇಗೋ ಮೈಯೂ ಹಾಗೆ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಮೈಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಒಂದೇ ಒಂದು ಡಿಗ್ರಿಯ ಅಂಗಳ. ಡಾಕ್ಟರರು ವಾರ್ಡಿಗೆ ತಂಪು, ಪೆಟ್ಟಿಗೆಗೆ ಕಾವು ಕೊಟ್ಟು ಕಾಯುವುದು ಆ ಅಂಗಳವನ್ನೇ. ಅವ್ವನ ಕೆಂಡ ಕಾಯುತ್ತಿದ್ದದ್ದೂ ಅದನ್ನೇ, ಪುಷ್ಯಮಾಸದ ಚಳಿಯಲ್ಲಿ. ಏಪ್ರಿಲ್‌ಗೆ ಅವಳ ಪಂಚಾಂಗದಲ್ಲಿ ಬೇರೆ ಪುಟ ಇರಲಿಲ್ಲ, ಅಷ್ಟೇ.

ಧಗೆಯೂ ಕೂಸನ್ನು ಕೊಲ್ಲಬಲ್ಲದು ಎಂದು ಅವಳಿಗೆ ಮನವರಿಕೆ ಮಾಡಲು ಅಹಮದಾಬಾದಿನವರೆಗೆ ಹೋಗಬೇಕಾಯಿತು. 2010ರ ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 46 ಡಿಗ್ರಿ ದಾಟಿತ್ತು. ಅಲ್ಲಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಎಲ್ಲಕ್ಕಿಂತ ಮೇಲಿನ ಮಾಳಿಗೆಯಲ್ಲಿ, ಏಸಿ ಇಲ್ಲ. ಬಿಸಿಲ ಬಾಧೆಗೆ ಸಿಕ್ಕಿದ ಹಸುಗೂಸುಗಳು ಒಂದರ ಹಿಂದೆ ಒಂದು ತುರ್ತು ಚಿಕಿತ್ಸೆಗೆ ಬರತೊಡಗಿದವು. ವಾರ್ಡನ್ನು ಕೆಳಗಿನ ಅಂತಸ್ತಿಗೆ ಇಳಿಸಿದ ಮೇಲೆ ಹಾಗೆ ಬರುವ ಕೂಸುಗಳು ಕಡಿಮೆಯಾದವು. "ಮ್ಯಾಲಿನ ಮಾಳಗಿ ಕಾದ ಹಂಚೇ ಅಲ್ಲೇನು" ಎಂದು ಅವ್ವ ತಕ್ಷಣ ಒಪ್ಪಿದಳು. ನಮ್ಮ ಕೋಣೆಯೂ ಮೇಲಿನ ಮಾಳಿಗೆಯೇ.

ಮಕ್ಕಳ ಡಾಕ್ಟರರು ಬಹಳ ಮಾತಿನವರಲ್ಲ. ಏಸಿ 26ಕ್ಕೆ ಇಡಿ, ಗಾಳಿ ಗೋಡೆಗೆ ಬಡಿಯಲಿ, ತೊಟ್ಟಿಲಿಗೆ ಬೇಡ ಎಂದರು. ಎರೆಯುವ ಮುಂಚೆ ಆರಿಸಿ, ಮೈ ಒರೆಸಿ ಬಟ್ಟೆ ತೊಡಿಸಿದ ಮೇಲೆಯೇ ಹಾಕಿ. ಅಂಗೈ ಅಂಗಾಲು ತಣ್ಣಗಿದ್ದರೆ ಗಾಬರಿ ಬೇಡ, ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಿ. ಅಲ್ಲಿ ತಣ್ಣಗಿದ್ದರೆ ಒಂದು ಬಟ್ಟೆ ಹೆಚ್ಚು, ಬೆವರಿದ್ದರೆ ಒಂದು ಬಟ್ಟೆ ಕಡಿಮೆ. ಮಲಗಿಸುವಾಗ ಕುಂಚಿಗಿ ಬೇಡ. ಕೂಸು ತಲೆಯಿಂದಲೇ ಬಹಳಷ್ಟು ಬಿಸಿ ಬಿಡುತ್ತದೆ, ಟೊಪ್ಪಿಗೆ ಜಾರಿ ಮೂಗಿನ ಮೇಲೂ ಬಂದೀತು. ಆರು ತಿಂಗಳವರೆಗೆ ನೀರು ಕುಡಿಸಬೇಡಿ, ಸೆಖೆ ಇದ್ದರೆ ಎದೆಹಾಲನ್ನೇ ಮತ್ತೆ ಮತ್ತೆ ಕೊಡಿ. ಮಂಕಾಗಿ ಹಾಲು ಬಿಟ್ಟರೆ, ಮೈ ಕೆಂಡವಾದರೆ ಇಲ್ಲವೇ ತಣ್ಣಗೇ ಉಳಿದರೆ ಕಾಯುತ್ತ ಕೂರದೆ ಕರೆತನ್ನಿ. ದಿನ ತುಂಬದ, ತೂಕ ಕಡಿಮೆಯಿರುವ ಕೂಸಿಗೆ ಈ ಲೆಕ್ಕ ನಡೆಯದು, ಅದರದ್ದು ಬೇರೆಯೇ ಕೇಳಿಕೊಳ್ಳಬೇಕು. 2020ರಿಂದ ನಮ್ಮ ದೇಶದ ಏಸಿಗಳು ಹಾಕಿದ ಕೂಡಲೇ 24ಕ್ಕೆ ನಿಲ್ಲುತ್ತವಲ್ಲ ಎಂದು ಅಳಿಯ ಫೋನಿನಲ್ಲಿ ವಾದಿಸಿದ. ಆ 24 ಕರೆಂಟ್ ಉಳಿಸಲು ಸರ್ಕಾರ ಇಟ್ಟ ಅಂಕಿ, ಕೂಸನ್ನು ಕೇಳಿ ಇಟ್ಟದ್ದಲ್ಲ.

ಕೊನೆಗೆ ರಿಮೋಟು ಅವ್ವನ ಸೆರಗಿನ ಗಂಟಿಗೆ ಹೋಯಿತು. ಕರೆಂಟ್ ಹೋದರೆ ಮುಚ್ಚಿದ ಕೋಣೆ ಎಷ್ಟು ಬೇಗ ಕಾಯುತ್ತದೆ ಎಂಬುದು ಅವಳಿಗೆ ನಮಗಿಂತ ಮೊದಲು ತಿಳಿಯುತ್ತಿತ್ತು, ಹೊದಿಕೆ ತೆಗೆದು ಕಿಟಕಿ ತೆರೆಯುವವಳು ಅವಳೇ. ಕುಂಚಿಗಿ ಫೋಟೋಗೆ ಮಾತ್ರ ಉಳಿಯಿತು. ಲೋಬಾನ ಕೆಲವು ವಾರ ಕದ್ದುಮುಚ್ಚಿ ನಡೆಯಿತು, ಏಸಿಯ ಕಾಯಿಲ್ ಅದಕ್ಕೆ ಸಾಕ್ಷಿ. ಕಾಯಿಲ್‌ಗೆ ಮೆತ್ತಿದ್ದನ್ನು ಹುಡುಗ ಬ್ರಷ್ ಹಾಕಿ ತೊಳೆದ. ಕೂಸಿನ ಎದೆಗೆ ಹೋದದ್ದಕ್ಕೆ ಬ್ರಷ್ ಇಲ್ಲ.

ಕೆಂಡದ ವಿಷಯದಲ್ಲಿ ಮಾತ್ರ ನಾನು ಅವ್ವನಿಗೆ ಸೋಲಲಿಲ್ಲ. ಹೊರಸಿನ ಕೆಳಗೆ ಕೆಂಡ ಇಡುತ್ತಿದ್ದ ಕಾಲದ ಮನೆಗಳಿಗೆ ತಲೆಯ ಮೇಲೆ ಬೆಳಕಿಂಡಿ ಇತ್ತು, ಬಾಗಿಲ ಸಂದಿಯಲ್ಲಿ ಬೆಕ್ಕು ನುಸುಳುತ್ತಿತ್ತು. ಏಸಿ ಕೋಣೆಗೆ ಇರುವೆ ನುಸುಳುವ ಸಂದಿಯೂ ಇಲ್ಲ, ಆ ಯಂತ್ರ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗಿನಿಂದ ತರುವುದಿಲ್ಲ. ನಿಮ್ಮ ಮನೆಯಲ್ಲಿ ಏಸಿ ಹಾಕುತ್ತೀರೋ ಬಿಡುತ್ತೀರೋ, ಅಜ್ಜಿಯರೊಂದಿಗೆ ಮಾತಾಡಿ ನೀವೇ ನೋಡಿಕೊಳ್ಳಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಮಾತ್ರ ಇಡಬೇಡಿ, ಬಾಣಂತಿಗೂ ಬೇಡ, ಕೂಸಿಗೂ ಬೇಡ. ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಲೋಬಾನದ ಹಾಗೆ ವಾಸನೆ ಇರುವುದಿಲ್ಲ.