ಟ್ರಂಕಿನ ಬೀಗದ ಕೈ

ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ಗೌರಿಬಿದನೂರು ತಾಲ್ಲೂಕಿನ ನಮ್ಮ ತೊಂಡೇಬಾವಿ ಕಡೆ ಎರಡೇ ಮಾತು, ಮಳೆ ಮತ್ತು ಸ್ಕೂಲು. ಮುಸುಕಿನ ಜೋಳ ಹಾಕಿಬಿಡೋಣವೋ ಇನ್ನೊಂದು ಹದ ನೋಡೋಣವೋ ಎಂದು ಗಂಡಸರು ಟೀ ಅಂಗಡಿ ಮುಂದೆ ಲೆಕ್ಕ ಹಾಕುತ್ತಿರುವಾಗಲೇ, ಮನೆಯಲ್ಲಿ ಹೆಂಗಸರು ಹೋದ ವರ್ಷದ ಯೂನಿಫಾರಂನ ಮಡಿಕೆ ಬಿಚ್ಚಿ ಉದ್ದ ಮಾಡುತ್ತಿರುತ್ತಾರೆ. ಏಪ್ರಿಲ್‌ನಲ್ಲಿ ಬೀಗ ಬಿದ್ದ ಶಾಲೆಯ ಬಾಗಿಲು ಮೇ 29ರ ಹೊತ್ತಿಗೆ ತೆರೆಯುತ್ತದೆ. ಕಸ ಗುಡಿಸಿ, ನೀರಿನ ತೊಟ್ಟಿ ತೊಳೆದು, ಬಾಗಿಲಿಗೆ ಮಾವಿನ ತೋರಣ ಕಟ್ಟಿದರೆ ಪ್ರಾರಂಭೋತ್ಸವಕ್ಕೆ ಅಣಿ. ಒಂದನೇ ಕ್ಲಾಸಿನ ಮಕ್ಕಳ ಕೈಗೆ ಹೂವು, ಬಾಯಿಗೆ ಸಿಹಿ, ಮಡಿಲಿಗೆ ಹೊಸ ಪುಸ್ತಕ. ಈ ಪದ್ಧತಿ ನನಗೆ ತುಂಬಾ ಇಷ್ಟ. ಅಮ್ಮನ ಸೆರಗು ಬಿಡದ ಮಗುವಿಗೆ ಊರೇ ಎದ್ದು ನಿಂತು ಬಾ ಎನ್ನುವುದು ಸಣ್ಣ ಮಾತಲ್ಲ.

ಆದರೆ ಅದೇ ತೋರಣದ ಕೆಳಗೆ, ಸ್ವಲ್ಪ ಪಕ್ಕಕ್ಕೆ, ಇನ್ನೂ ಕೆಲವರು ಹೊಸಬರು ನಿಂತಿರುತ್ತಾರೆ. ದೊಡ್ಡಬಳ್ಳಾಪುರದ ಕಡೆಯಿಂದ ಬೆಳಗಿನ ರೈಲಿಗೆ ಬಂದಿಳಿದ ಅತಿಥಿ ಶಿಕ್ಷಕಿ ಒಬ್ಬರು, ಬಿಸಿಯೂಟಕ್ಕೆ ಹೊಸದಾಗಿ ಸೇರಿದ ಸಹಾಯಕ ಅಡುಗೆಯವರು ಒಬ್ಬರು. ಹಾಸ್ಟೆಲ್ ಇರುವ ಕಡೆ ವರ್ಗವಾಗಿ ಬಂದ ನಿಲಯಪಾಲಕರು. ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಮಕ್ಕಳ ಹೊಟ್ಟೆ, ನಿದ್ದೆ, ಜ್ವರ, ಅಳು ಇವನ್ನೆಲ್ಲ ನೋಡಿಕೊಳ್ಳಬೇಕಾದವರು ಇವರು. ಇವರಿಗೆ ಯಾರೂ ಹೂವು ಕೊಡುವುದಿಲ್ಲ. ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು, ದಾಸ್ತಾನು ಕೋಣೆ ತೋರಿಸಿದರೆ ಅವರ ಸ್ವಾಗತ ಮುಗಿಯಿತು. ನನಗಿರುವ ಕೊರಗು ಇದೇ. ಮಗುವನ್ನು ಬರಮಾಡಿಕೊಂಡಷ್ಟೇ ಅಕ್ಕರೆಯಿಂದ, ಮಗುವನ್ನು ನೋಡಿಕೊಳ್ಳುವವರನ್ನೂ ಊರು ಬರಮಾಡಿಕೊಳ್ಳಬೇಕು.

ಒಂದು ಜೂನ್‌ನಲ್ಲಿ ಗೌರಿಬಿದನೂರಿನ ಹಾಸ್ಟೆಲೊಂದರ ಬಾಗಿಲಲ್ಲಿ ಕಂಡದ್ದು ಹೇಳುತ್ತೇನೆ. ಆರನೇ ಕ್ಲಾಸಿಗೆ ಸೇರಿದ ಹುಡುಗ. ತಾಯಿ ಹಸಿರು ಬಣ್ಣದ ತಗಡಿನ ಟ್ರಂಕು ತಂದಿದ್ದಳು. ಅದರೊಳಗೆ ಬೆಡ್‌ಶೀಟು, ತಟ್ಟೆ ಲೋಟ, ಕೊಬ್ಬರಿ ಎಣ್ಣೆ ಬಾಟಲಿ, ಒಂದು ಡಬ್ಬಿ ಹುರಿದ ಕಡಲೇಕಾಯಿ ಬೀಜ. ಎಲ್ಲವನ್ನೂ ಜೋಡಿಸಿ ಬೀಗ ಹಾಕಿ, ಬೀಗದ ಕೈಯನ್ನು ಹುಡುಗನ ಉಡಿದಾರಕ್ಕೆ ಎರಡು ಗಂಟು ಹಾಕಿ ಕಟ್ಟಿದಳು. ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಎಳೆದು ನೋಡಿದಳು. ಆಮೇಲೆ ಎದ್ದು ನಿಂತು, ಅಂದೇ ಕೆಲಸಕ್ಕೆ ಬಂದಿದ್ದ ವಾರ್ಡನ್ ಹತ್ತಿರ, “ಸಾರ್, ಇವನಿಗೆ ರಾತ್ರಿ ಒಂದು ಸಲ ಎಬ್ಬಿಸಬೇಕು, ಇಲ್ಲದಿದ್ದರೆ ಹಾಸಿಗೆ ಒದ್ದೆ ಮಾಡ್ಕೊತಾನೆ. ಬೇರೆ ಹುಡುಗರ ಮುಂದೆ ಹೇಳಬೇಡಿ ಸಾರ್” ಎಂದಳು. ಆತ ಇನ್ನೂ ಎಳೆ ಪ್ರಾಯದವರು, ಮದುವೆಯೂ ಆದಂತಿರಲಿಲ್ಲ. “ಆಯ್ತಮ್ಮ, ನಾನೇ ಎಬ್ಬಿಸ್ತೀನಿ” ಎಂದರು. ಅಲಾರಂ ಇಡಲು ಅಲ್ಲೇ ಫೋನ್ ತೆಗೆದರು. ಆ ಉದ್ಯೋಗದ ನಿಯಮಾವಳಿಯಲ್ಲಿ ಬರೆಯಲಾಗದ ಕೆಲಸ ಅದು. ಅವರಿಗೆ ಆ ದಿನ ಸಿಕ್ಕ ನಿಜವಾದ ತರಬೇತಿ ಆ ತಾಯಿಯ ಎರಡು ಮಾತು.

ಹಾಸ್ಟೆಲ್ ಎಂದಾಗ ನಮ್ಮ ತಾಲ್ಲೂಕಿನವರಿಗೆ ಎಚ್. ನರಸಿಂಹಯ್ಯನವರು ನೆನಪಾಗದೆ ಇರುವುದಿಲ್ಲ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಬಡ ಮನೆಯ ಹುಡುಗ. 1935ರಲ್ಲಿ ಓದುವ ಆಸೆಗೆ ಬೆಂಗಳೂರಿಗೆ ಹೊರಟಾಗ ಕೈಯಲ್ಲಿ ಕಾಸಿಲ್ಲ, ಸುಮಾರು 80 ಕಿಲೋಮೀಟರು ದೂರವನ್ನು ನಡೆದೇ ಹೋದ. ರೈಲು ಆಗಲೂ ನಮ್ಮ ಈ ದಾರಿಯಲ್ಲೇ ಓಡಾಡುತ್ತಿತ್ತು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಆ ಹುಡುಗನನ್ನು ಸೇರಿಸಿಕೊಂಡಿತು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ತಂದು ಹೇಳಿದ್ದು ಇದೇ ಹುಡುಗ. ಮುಂದೆ ಅಮೆರಿಕಕ್ಕೆ ಹೋಗಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದರು, ಪ್ರಿನ್ಸಿಪಾಲರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಬಾಳಿನ ಬಹುಪಾಲು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ, ಹುಡುಗರ ನಡುವೆಯೇ ಕಳೆಯಿತು. ಊರನ್ನು ಮರೆಯದೆ ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜು ತಂದರು. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಜನ ಎಂದರೆ ವಿದ್ಯಾರ್ಥಿಗಳೇ. ಅವರ ಸಾಧನೆಗಳ ಪಟ್ಟಿಯನ್ನು ಭಾಷಣಗಳಲ್ಲಿ ಎಲ್ಲರೂ ಓದುತ್ತಾರೆ. ನನಗೆ ಮಾತ್ರ ಆ ಹಾಸ್ಟೆಲ್ ಕೋಣೆಯೇ ದೊಡ್ಡದಾಗಿ ಕಾಣುತ್ತದೆ. ಮಕ್ಕಳಿಗೆ ಕಷ್ಟ ಬಂದಾಗ ಹೋಗಿ ತಟ್ಟಲು ಒಂದು ಬಾಗಿಲು ಹತ್ತಿರದಲ್ಲೇ ಇರಬೇಕು, ಆ ಬಾಗಿಲ ಹಿಂದೆ ಒಬ್ಬರು ದೊಡ್ಡವರು ಇರಬೇಕು.

ಇನ್ನು ನಮ್ಮ ಕಡೆಯ ಭಾಷೆಯ ವಿಷಯ. ಹಿಂದೂಪುರ ನಮಗೆ ನಾಲ್ಕಾರು ಸ್ಟೇಷನ್ ಆಚೆ. ಸೋಮೇಶ್ವರ, ಗೌರಿಬಿದನೂರು, ವಿದುರಾಶ್ವತ್ಥ ದಾಟಿದರೆ ಆಂಧ್ರ ಬಂತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ, ಹೀಗೆ ಬೆಳೆಯುವ ಮಕ್ಕಳು ಇಲ್ಲಿ ಬೇಕಾದಷ್ಟು. ಸಾಲದ್ದಕ್ಕೆ ಈಗ ಎಸಿಸಿ ಸಿಮೆಂಟ್ ಕಾರ್ಖಾನೆಯೂ ಇರುವ ಊರು ನಮ್ಮದು, ದುಡಿಮೆ ಹುಡುಕಿಕೊಂಡು ದೂರದಿಂದ ಬರುವ ಸಂಸಾರಗಳ ಮಕ್ಕಳು ಹಿಂದಿಯನ್ನೂ ಜೊತೆಗೆ ತರುತ್ತಾರೆ. ಮೈಸೂರು ಕಡೆಯಿಂದಲೋ ಹಾಸನದಿಂದಲೋ ಬಂದ ಹೊಸ ಶಿಕ್ಷಕಿಗೆ ಇದು ಮೊದಲ ವಾರ ತಬ್ಬಿಬ್ಬು ಮಾಡುತ್ತದೆ. ಪ್ರಶ್ನೆ ಕೇಳಿದರೆ ಮಗು ಸುಮ್ಮನೆ ಮುಖ ನೋಡುತ್ತದೆ. ದಡ್ಡ ಮಗು ಎಂದುಕೊಳ್ಳುವ ಅಪಾಯ ಇರುವುದು ಅಲ್ಲೇ. ಅದೇ ಮಗುವನ್ನು ಅಡುಗೆಯಮ್ಮ ಸೌಟು ಹಿಡಿದುಕೊಂಡೇ ತೆಲುಗಿನಲ್ಲಿ “ಬುವ್ವ ತಿಂಟಿವಾ ರಾ?” (ಊಟ ಮಾಡಿದೆಯೇನೋ?) ಎಂದು ಕೇಳಲಿ, ಮಗು ಮನೆಯಲ್ಲಿ ಮೇಕೆ ಮರಿ ಹಾಕಿದ್ದರಿಂದ ಹಿಡಿದು ಅಜ್ಜಿಯ ಮಂಡಿನೋವಿನವರೆಗೆ ಎಲ್ಲವನ್ನೂ ಒಪ್ಪಿಸುತ್ತದೆ. ಜೂನ್ ತಿಂಗಳಲ್ಲಿ ಸೇತುಬಂಧ ಎಂದು ಹಳೆಯ ಪಾಠ ನೆನಪಿಸುವ ಕಾರ್ಯಕ್ರಮ ಶಾಲೆಗಳಲ್ಲಿ ನಡೆಯುತ್ತದೆ. ಮಗುವಿಗೂ ಹೊಸ ಶಿಕ್ಷಕಿಗೂ ನಡುವಿನ ಸೇತುವೆಯನ್ನು ಕಟ್ಟುವವಳು ಬಹಳ ಸಲ ಈ ಅಡುಗೆಯಮ್ಮನೇ.

ಅವಳ ಕೆಲಸವನ್ನು ಹತ್ತಿರದಿಂದ ನೋಡಬೇಕು. ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಶುರುವಾದದ್ದು 2013ರ ಆಗಸ್ಟ್ 1ರಂದು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಅದರಿಂದ 150 ಎಂಎಲ್ ಹಾಲು. ಕಾಗದದಲ್ಲಿ ಇಷ್ಟೇ. ಪುಡಿಯನ್ನು ಕುದಿಯುವ ನೀರಿಗೆ ಸುರಿದರೆ ಗಂಟುಗಂಟಾಗುತ್ತದೆ, ಗಂಟು ಬಾಯಿಗೆ ಸಿಕ್ಕರೆ ಮಗು ಲೋಟವನ್ನೇ ದೂರ ಇಡುತ್ತದೆ. ಅದಕ್ಕೆ ಅನುಭವಸ್ಥೆ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಪುಡಿಯನ್ನು ಕೈಯಲ್ಲೇ ಕಲಸಿ, ತೆಳ್ಳಗೆ ಮಾಡಿ, ಆಮೇಲೆ ಒಲೆಯ ಮೇಲಿನ ಪಾತ್ರೆಗೆ ಹುಯ್ಯುತ್ತಾಳೆ. ಹೊಸದಾಗಿ ಬಂದ ಸಹಾಯಕಿಗೆ ಇದನ್ನು ಪಕ್ಕದಲ್ಲಿ ನಿಂತು ಒಬ್ಬರು ತೋರಿಸಬೇಕು. ಮೊಟ್ಟೆಯದೂ ಹಾಗೇ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಆದರೆ ಯಾವ ಮಗು ತಿನ್ನುವುದಿಲ್ಲ, ಯಾವ ಮಗು ಆಸೆಯಿದ್ದೂ ಪಕ್ಕದವರನ್ನು ನೋಡಿ ಹಿಂಜರಿಯುತ್ತದೆ ಎಂಬುದು ಹಳೆಯ ಅಡುಗೆಯಮ್ಮನಿಗೆ ಮಾತ್ರ ಗೊತ್ತು.

ರೇಷ್ಮೆ ಮನೆಯ ಮಕ್ಕಳ ಮಾತು ಬೇರೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕುವ ಮನೆಗಳಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ಹಂತ, ಎದ್ದಿತೆಂದರೆ ಮನುಷ್ಯರಿಗೆ ನಿದ್ದೆಯಿಲ್ಲ. ಹುಳು ತನ್ನ ಬಾಳಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ರಾತ್ರಿಯಂತೂ ಆರು ವರ್ಷದ ಕೂಸಿನಿಂದ ಹಿಡಿದು ಅಜ್ಜನವರೆಗೆ ಎಲ್ಲರ ಕೈಯೂ ಬೇಕು. ಮಾರನೆಯ ದಿನ ಆ ಮಗು ಕ್ಲಾಸಿನಲ್ಲಿ ತೂಕಡಿಸುತ್ತದೆ. ವಿಷಯ ಗೊತ್ತಿದ್ದ ಮೇಷ್ಟ್ರು “ಹುಳ ಹಣ್ಣಾಯ್ತೇನೋ?” ಎಂದು ಕೇಳಿ, ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ತಲೆ ಇಟ್ಟುಕೊಳ್ಳಲು ಬಿಡುತ್ತಾರೆ. ಗೊತ್ತಿಲ್ಲದವರು ಗದರಿಸುತ್ತಾರೆ. ಗದರಿಸಿದವರು ಕೆಟ್ಟವರೇನಲ್ಲ. ಅವರಿಗೆ ಹೇಳಬೇಕಿದ್ದವರು ಹೇಳಲಿಲ್ಲ, ಅಷ್ಟೇ. ಹೇಳಬೇಕಿದ್ದವರು ಎಂದರೆ ನಾವು, ಊರಿನವರು.

ಅತಿಥಿ ಶಿಕ್ಷಕರ ವಿಷಯದಲ್ಲಿ ಇನ್ನೂ ಒಂದು ಕಷ್ಟವಿದೆ. ಅವರ ನೇಮಕ ಆ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ. ಮಕ್ಕಳ ಹೆಸರು, ಮನೆ, ಮನಸ್ಸು ಎಲ್ಲ ಗೊತ್ತಾಗುವ ಹೊತ್ತಿಗೆ ವರ್ಷವೇ ಮುಗಿದಿರುತ್ತದೆ. ಮರುವರ್ಷ ಬೇರೆಯವರು ಬಂದರೆ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಅವರಿಗೆ ಊರಿನ ಪರಿಚಯ ನಿಧಾನಕ್ಕೆ ಆಗಲಿ ಎಂದು ಬಿಡುವಂತಿಲ್ಲ, ಮೊದಲ ವಾರವೇ ಆಗಬೇಕು. ಬೆಳಗಿನ ರೈಲು ತಡವಾದ ದಿನ ತಿಂಡಿಯಿಲ್ಲದೆ ಓಡಿ ಬರುವ ಶಿಕ್ಷಕಿಗೆ ಸ್ಟೇಷನ್ ಹತ್ತಿರದ ಯಾವ ಮನೆಯಲ್ಲಿ ಒಂದು ಲೋಟ ನೀರು ಕೇಳಬಹುದು ಎಂಬುದೂ ಗೊತ್ತಿರಬೇಕು. ಅವರ ಹೊಟ್ಟೆಯನ್ನೂ ಯಾರಾದರೂ ವಿಚಾರಿಸಿದರೆ, ಮಕ್ಕಳನ್ನು ವಿಚಾರಿಸಲು ಅವರಿಗೂ ಮನಸ್ಸು ಬರುತ್ತದೆ.

ನಾನು ಬಯಸುವುದು ದೊಡ್ಡ ಸಮಾರಂಭವನ್ನಲ್ಲ. ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಇದೆ, ಜೂನ್‌ನಲ್ಲಿ ಅದರ ಸಭೆಯೂ ನಡೆಯುತ್ತದೆ. ಕಾಂಪೌಂಡು, ಶೌಚಾಲಯ, ಪುಸ್ತಕ ಬಂತೇ ಎಂಬ ಮಾತುಗಳು ಮುಗಿದ ಮೇಲೆ ಅರ್ಧ ಗಂಟೆ ಇರಲಿ. ಒಂದು ಕಡೆ ಹೊಸ ಶಿಕ್ಷಕಿ, ಹೊಸ ಅಡುಗೆಯವರು, ಹಾಸ್ಟೆಲ್ ಇದ್ದರೆ ಅಲ್ಲಿನ ವಾರ್ಡನ್. ಎದುರಿಗೆ ತಾಯಂದಿರು, ಹಳೆಯ ಅಡುಗೆಯಮ್ಮ, ಪಕ್ಕದ ಅಂಗನವಾಡಿಯ ಟೀಚರ್. ಮಕ್ಕಳು ಮೂರು ವರ್ಷದವರಿದ್ದಾಗಿನಿಂದ ಈ ಅಂಗನವಾಡಿಯ ಟೀಚರಿಗೆ ಗೊತ್ತಿರುವ ಸಂಗತಿಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ, ಆದರೂ ಅವರನ್ನು ಕರೆದು ಕೇಳುವವರು ಕಡಿಮೆ. ಮೊದಲ ಮಾತು ಅವರಿಂದಲೇ ಶುರುವಾಗಲಿ. ಟೀ ಖರ್ಚು ನನ್ನದು.